ಅಲಸಂದೆಯ ತವರು

ಸೀತಾರಾಮನಿಗೆ ಚರಿತ್ರೆಯ ಹುಚ್ಚು ಹತ್ತಿದ್ದು ರಿಟೈರ್ ಆದ ಮೇಲೆ, ಅದೂ ಫೋನಿನಿಂದ. ಮೂವತ್ತು ವರ್ಷ ಸ್ಯಾನ್ ಡಿಯಾಗೋದ ಟೆಲಿಕಾಂ ಕಂಪನಿಯೊಂದರಲ್ಲಿ ಆಂಟೆನಾ ವಿನ್ಯಾಸ ಮಾಡಿದ ಮನುಷ್ಯ ಎಪ್ಪತ್ತೊಂದನೆಯ ವಯಸ್ಸಿಗೆ, ಜಗತ್ತಿನಲ್ಲಿರುವುದೆಲ್ಲ ನಮ್ಮಿಂದಲೇ ಹೋದದ್ದು ಎಂದು ಕಂಡುಹಿಡಿದಿದ್ದ. ಹೆಂಡತಿ ಅನಸೂಯ ದಿನಾ ಬೆಳಗಿನ ಕಾಫಿಯ ಜೊತೆ ಅದನ್ನು ಪಕ್ಕದ ಮನೆಯ ನಾಯಿ ಬೊಗಳುವುದನ್ನು ಕೇಳುವಂತೆ ಕೇಳುತ್ತಿದ್ದಳು.

ಅವಳು ವಾರಕ್ಕೆ ಮೂರು ದಿನ ಪೊಮೊನಾದ ಕಾಲೇಜಿಗೆ ಡ್ರೈವ್ ಮಾಡಿಕೊಂಡು ಹೋಗಿ ಇಪ್ಪತ್ತಾರು ವರ್ಷ ಸಸ್ಯಶಾಸ್ತ್ರ ಕಲಿಸಿದವಳು. ಅದರಲ್ಲಿ ಹನ್ನೊಂದು ವರ್ಷ ಅಲಸಂದೆ ಕಾಳಿನ ಮೂಲ ಹುಡುಕುವುದರಲ್ಲೇ ಸವೆದಿತ್ತು. ಅದರ ಮೇಲೆ ಅವಳು ಬರೆದ ಲೇಖನಗಳಲ್ಲಿ ಒಂದನ್ನೂ ಗಂಡ ಓದಿರಲಿಲ್ಲ. "ನಮ್ಮನೆಯವಳು ಕಾಳುಬೇಳೆ ಡಾಕ್ಟ್ರು" ಎಂದು ಪಾರ್ಟಿಗಳಲ್ಲಿ ನಗಿಸುತ್ತಿದ್ದ. ಅವಳೂ ನಕ್ಕುಬಿಡುತ್ತಿದ್ದಳು. ಆ ನಗು ನೆನಪಾದಾಗೆಲ್ಲ ಅವಳಿಗೆ ಗಂಡನಿಗಿಂತ ತನ್ನ ಮೇಲೇ ಹೆಚ್ಚು ಹೇಸಿಗೆಯಾಗುತ್ತಿತ್ತು.

ಲಾಸ್ ಏಂಜಲೀಸ್‌ನಲ್ಲಿ ಓದುತ್ತಿದ್ದ ಮೊಮ್ಮಗಳು ಧೃತಿ, ಆಫ್ರೋ-ಬ್ರೆಜಿಲಿಯನ್ ಡೋಲು ತಂಡವೊಂದಕ್ಕೆ ಸೇರಿ ಎರಡು ವರ್ಷವಾಗಿತ್ತು. ಸೆಪ್ಟೆಂಬರಿನ ಒಂದು ಭಾನುವಾರ ಅವರ ಹಬ್ಬ, ಊರಿನ ಪಾರ್ಕೊಂದರಲ್ಲಿ. ತಾತ ಅಜ್ಜಿ ಇಬ್ಬರನ್ನೂ ಕರೆದಿದ್ದಳು. ಕರೆದ ಮೇಲೆ ಅಜ್ಜಿಗೆ ಬೇರೆಯಾಗಿ ಫೋನ್ ಮಾಡಿ, "ಅಜ್ಜಿ, ಪ್ಲೀಸ್, ಡೋಂಟ್ ಲೆಟ್ ತಾತಾ ಗಿವ್ ಎ ಸ್ಪೀಚ್" ಎಂದಿದ್ದಳು.

ಫ್ರೀವೇಯಲ್ಲಿ ಎರಡೂವರೆ ಗಂಟೆ ಸ್ಪೀಚೇ ನಡೆಯಿತು. "ಸಾಂಬಾ ಅನ್ನೋದು ಎಲ್ಲಿಂದ ಬಂತು ಹೇಳು? ಸಾಮ! ಸಾಮವೇದ!" ಎಂದು ಸೀತಾರಾಮ ಸ್ಟಿಯರಿಂಗ್ ಮೇಲೆ ತಾಳ ಹಾಕಿದ. ಅನಸೂಯ ಕಿಟಕಿಯಾಚೆ ಸಮುದ್ರ ನೋಡುತ್ತ, ಸಾಂಬಾರನ್ನು ಹೇಗೆ ಬಿಟ್ಟನೋ ಎಂದುಕೊಂಡಳು. ಆರ್ಟೀಸಿಯಾ ದಾಟುವಷ್ಟರಲ್ಲಿ ಅದೂ ಬಂತು.

ಪಾರ್ಕಿನಲ್ಲಿ ಮೊದಲು ಕಂಡದ್ದು ಪ್ಲಾಸ್ಟಿಕ್ ಗರಿ ಸಿಕ್ಕಿಸಿಕೊಂಡು ಸೆಲ್ಫಿ ತೆಗೆದುಕೊಳ್ಳುತ್ತಿದ್ದ ಒಂದಿಷ್ಟು ಬಿಳಿಯರು. ಇದಕ್ಕೇನಾ ಇಷ್ಟು ದೂರ ಬಂದದ್ದು ಎಂದು ಅವಳ ತುಟಿ ಸೊಟ್ಟಗಾಯಿತು. ಆದರೆ ಅವರ ಹಿಂದಿನಿಂದ ಹಬ್ಬ ನಿಜವಾಗಿ ಬಂತು. ಬಿಳಿ ಲೇಸಿನ ಅಗಲ ಲಂಗ, ಬಿಳಿ ತಲೆವಸ್ತ್ರ, ಕೊರಳ ತುಂಬ ಮಣಿಸರ ತೊಟ್ಟ ಕಪ್ಪು ಹೆಂಗಸರು ಹೂವಿಟ್ಟ ಕೊಡಗಳಿಂದ ಸುಗಂಧದ ನೀರು ಚಿಮುಕಿಸುತ್ತ ನಡೆದರು. ಯಾರೂ ಕ್ಯಾಮೆರಾ ನೋಡಲಿಲ್ಲ. ಅವರ ಹಿಂದೆ ಡೋಲುಗಳು. ಧೃತಿ ಸೊಂಟಕ್ಕೆ ತನ್ನಷ್ಟೇ ಗಾತ್ರದ ಡೋಲು ಕಟ್ಟಿಕೊಂಡು, ಹಲ್ಲು ಕಚ್ಚಿ ಬಾರಿಸುತ್ತಿದ್ದಳು. ಆ ಪೆಟ್ಟು ನೆಲದಿಂದ ಏರಿ ಅನಸೂಯಳ ಮಂಡಿಗಳಿಗೆ ಬಂತು. ಅವಳ ವಯಸ್ಸಿನವಳೇ ಒಬ್ಬ ಹೆಂಗಸು ಚಪ್ಪಲಿ ಬಿಟ್ಟು, ಭುಜ ಮಾತ್ರ ಅಲುಗಿಸುತ್ತ, ಸಣ್ಣ ಸಣ್ಣ ಹೆಜ್ಜೆಯಲ್ಲಿ ಜಾರಿದಂತೆ ಕುಣಿದು ಹೋದಳು.

ಊಟದ ಸಾಲಿನಲ್ಲಿ ಜಸೀರಾ ಎಂಬ ಹೆಂಗಸು ಅಕರಜೆ ಎಂಬ ತಿಂಡಿ ಕರಿಯುತ್ತಿದ್ದಳು. ಅವಳು ಬ್ರೆಜಿಲಿನ ಸಾಲ್ವಡೋರ್ ಊರಿನವಳು. ನೆನೆಸಿ ಸಿಪ್ಪೆ ತೆಗೆದು ರುಬ್ಬಿದ ಅಲಸಂದೆ ಹಿಟ್ಟನ್ನು ಮರದ ಸೌಟಿನಲ್ಲಿ ನೊರೆಯೇಳುವಂತೆ ಬಡಿದು, ಕೆಂಪು ತಾಳೆ ಎಣ್ಣೆಗೆ ಬಿಡುತ್ತಿದ್ದಳು. ಎಷ್ಟು ಬಡಿದರೆ ಹಿಟ್ಟು ಹಗುರಾಗುತ್ತದೆಂದು ಬಲ್ಲ ಕೈ ಅದು ಎಂದು ಅನಸೂಯಳಿಗೆ ನೋಡಿದೊಡನೆ ತಿಳಿಯಿತು.

ಸೀತಾರಾಮನಿಗೆ ತಿಳಿದದ್ದೇ ಬೇರೆ. "ಇದು ನಮ್ಮ ವಡೆ!" ಎಂದು ಇಂಗ್ಲಿಷಿನಲ್ಲಿ ಕೂಗಿದ. "ಪೋರ್ಚುಗೀಸರು ಗೋವಾದಿಂದ ತಗೊಂಡು ಹೋಗಿ ನಿಮಗೆ ಕಲಿಸಿದ್ದು. ಗೊತ್ತಾ ನಿಮಗೆ?"

ಜಸೀರಾ ಸೌಟು ನಿಲ್ಲಿಸಲಿಲ್ಲ. "ನಮ್ಮಜ್ಜಿಯ ಅಜ್ಜಿ ಇದನ್ನು ಬೀದೀಲಿ ಮಾರಿ ತನ್ನ ಬಿಡುಗಡೆ ಕೊಂಡುಕೊಂಡಳು. ಅವಳಿಗೆ ಇದನ್ನ ಕಲಿಸಿದ್ದು ಅವಳ ತಾಯಿ. ಆಫ್ರಿಕಾದಿಂದ ಸರಪಳಿ ಹಾಕಿ ತಂದಿದ್ದ ತಾಯಿ" ಎಂದಳು.

"ಪಾಪ, ಹಿಸ್ಟರಿ ಗೊತ್ತಿಲ್ಲ" ಎಂದು ಸೀತಾರಾಮ ಕನ್ನಡದಲ್ಲಿ ಹೇಳಿ, ಇಂಗ್ಲಿಷಿಗೆ ಹೊರಳಿದ. "ನನ್ನ ಹೆಂಡತಿ ಸಸ್ಯವಿಜ್ಞಾನಿ. ಅವಳನ್ನೇ ಕೇಳಿ."

ಜಸೀರಾ ತಲೆಯೆತ್ತಿದಳು. "ಹೌದಾ? ನಿಮ್ಮ ಅಭಿಪ್ರಾಯವೂ ಇದೇನಾ?"

ಹನ್ನೊಂದು ವರ್ಷದ ಕೆಲಸ ಅನಸೂಯಳ ನಾಲಿಗೆಯ ತುದಿಯಲ್ಲಿತ್ತು. ಹಿಂದೆ ಸಾಲು ಕಾಯುತ್ತಿತ್ತು. ಅವಳು ಪಾರ್ಟಿಗಳಲ್ಲಿ ನಗುತ್ತಿದ್ದ ಅದೇ ನಗು ನಕ್ಕಳು.

ಜಸೀರಾ ಅವಳನ್ನು ಮೇಲಿನಿಂದ ಕೆಳಗೆ ಒಂದು ಸಲ ನೋಡಿ, "ಮುಂದಿನವರು ಬನ್ನಿ" ಎಂದಳು.

ಸಂಜೆ ಇದು ಧೃತಿಯ ಕಿವಿಗೂ ಬಿತ್ತು. ಬೆರಳಿನ ಬೊಬ್ಬೆಗಳಿಗೆ ಟೇಪು ಸುತ್ತಿಕೊಳ್ಳುತ್ತ, "ಯೂ ನ್ಯೂ, ಅಜ್ಜಿ. ಯೂ ರೋಟ್ ದ ಪೇಪರ್ಸ್" ಎಂದಳು. ತಾತನ ಮೇಲೆ ಆ ಹುಡುಗಿಗೆ ಸಿಟ್ಟೇ ಇರಲಿಲ್ಲ. ಅವನಿಂದ ಅವಳು ಏನನ್ನೂ ನಿರೀಕ್ಷಿಸಿರಲಿಲ್ಲ.

ಎರಡು ವಾರದ ಮೇಲೆ ಸ್ಯಾನ್ ಡಿಯಾಗೋದ ಲೈಬ್ರರಿ ಹಾಲಿನಲ್ಲಿ ಸೀತಾರಾಮನ ಭಾಷಣ: 'ವಿಶ್ವಕ್ಕೆ ನಮ್ಮ ಕೊಡುಗೆ.' ಅರವತ್ತು ಜನ ಸೇರಿದ್ದರು, ಹೆಚ್ಚಿನವರು ಉಪ್ಪಿಟ್ಟಿಗೆ. ಪರದೆಯ ಮೇಲೆ ಜಸೀರಾಳ ಫೋಟೋ ಬಂತು. ಅವಳನ್ನು ಕೇಳದೆ ತೆಗೆದದ್ದು. "ಈ ಹೆಂಗಸಿಗೆ ತಾನು ಮಾಡ್ತಿರೋದು ನಮ್ಮ ವಡೆ ಅಂತಲೇ ಗೊತ್ತಿಲ್ಲ!" ಎಂದ ಸೀತಾರಾಮ. ಸಭೆ ನಕ್ಕಿತು. "ನನ್ನ ಮಾತು ಬಿಡಿ, ನಮ್ಮನೆಯವಳು ಕಾಳುಬೇಳೆ ಡಾಕ್ಟ್ರು, ಅವಳೇ ಸಾಕ್ಷಿ."

ಎಲ್ಲರೂ ಅವಳತ್ತ ತಿರುಗಿದರು. ಅನಸೂಯ ಎದ್ದು ನಿಂತಳು.

"ಸುಳ್ಳು" ಎಂದಳು.

ಊರಿನ ಕನ್ನಡ ಸಂಘದ ಕಾರ್ಯದರ್ಶಿ ಸೌಜನ್ಯಾ ಗಾಬರಿಯಿಂದ, "ಆಂಟಿ, ಕ್ವೆಶ್ಚನ್ಸ್ ಆಮೇಲೆ" ಎಂದಳು.

"ಇದು ಕ್ವೆಶ್ಚನ್ ಅಲ್ಲಮ್ಮ. ಅಲಸಂದೆ ಆಫ್ರಿಕಾದ ಕಾಳು. ನಮ್ಮ ದೇಶಕ್ಕೆ ಅದು ಬಂದು ಮೂರು ಸಾವಿರ ವರ್ಷದ ಮೇಲಾಯ್ತು. ಆ ಹೆಂಗಸಿನ ಪೂರ್ವಿಕರ ನೆಲದಿಂದ ಬಂದಿದ್ದನ್ನ ನಾವು ತಿಂತಿದೀವಿ. ಕಲಿಸಿದ್ದು ನಾವು ಅಂತ ಅವಳ ಫೋಟೋ ಹಾಕ್ಕೊಂಡು ನಗ್ತಿದೀರಲ್ಲ, ನಾಚಿಕೆ ಆಗಲ್ವಾ? ಮೊನ್ನೆ ಅವಳ ಮುಂದೆ ನಾನು ಬಾಯಿ ಮುಚ್ಕೊಂಡಿದ್ದೆ. ನನ್ನದೂ ನಾಚಿಕೆಗೇಡೇ. ರೀ, ಆ ಫೋಟೋ ತೆಗೀರಿ."

ಸೀತಾರಾಮ ನಗಲು ನೋಡಿದ. ಯಾರೂ ಜೊತೆಗೂಡಲಿಲ್ಲ. ಅವನು ಗುಂಡಿ ತಡಕಾಡಿ ಫೋಟೋ ತೆಗೆದ. ಮುಂದಿನ ಸ್ಲೈಡಿನಲ್ಲಿ ಸಾಮವೇದವಿತ್ತು; ಅದನ್ನು ವಿವರಿಸಲು ಅವನಿಗೆ ಧೈರ್ಯ ಬರಲಿಲ್ಲ.

ಮನೆಗೆ ಹೋಗುವಾಗ ಅರ್ಧ ದಾರಿಯಲ್ಲಿ ಅವನು, "ನಾಲ್ಕು ಜನರ ಮುಂದೆ ನನ್ನ ಮಾನ ಕಳೆದೆ" ಎಂದ.

"ಅದಕ್ಕೆ ನಾನ್ಯಾಕ್ರೀ ಬೇಕು? ಮೈಕು ನಿಮ್ಮ ಕೈಲೇ ಇತ್ತು" ಎಂದಳು ಅನಸೂಯ.

ಶನಿವಾರ ಅವಳೊಬ್ಬಳೇ ಟ್ರೈನ್ ಹತ್ತಿ ಲಾಸ್ ಏಂಜಲೀಸ್‌ಗೆ ಹೋದಳು. ಧೃತಿ ಕೊಟ್ಟ ವಿಳಾಸ ಹಿಡಿದು ಜಸೀರಾಳ ಅಡುಗೆಮನೆ ಹುಡುಕಿದಳು. ನಿಂತಲ್ಲೇ ತನ್ನ ಲೇಖನಗಳ ವಿಷಯವನ್ನೂ ಸಭೆಯಲ್ಲಿ ನಡೆದದ್ದನ್ನೂ ಹೇಳಿ, ಕೇಳದೆ ತೆಗೆದ ಫೋಟೋಗೆ ಕ್ಷಮೆ ಕೇಳಿದಳು. ಜಸೀರಾ ಪೂರ್ತಿ ಕೇಳಿಸಿಕೊಂಡಳು.

"ಕಾಳು ಎಲ್ಲಿಂದ ಬಂತು ಅಂತ ನನಗೆ ಯಾರೂ ಹೇಳಬೇಕಾಗಿರಲಿಲ್ಲ" ಎಂದಳು. "ಆದರೂ ಹೇಳೋದಕ್ಕೆ ಅಷ್ಟು ದೂರದಿಂದ ಬಂದಿದ್ದೀರಿ." ನೆನೆಸಿದ ಕಾಳಿನ ಬೋಗುಣಿಯನ್ನು ಅವಳ ಕಡೆಗೆ ತಳ್ಳಿದಳು. "ಸಿಪ್ಪೆ ತೆಗೆಯೋಕೆ ಬರುತ್ತಾ, ಇಲ್ಲ ಬರೀ ಲೇಖನ ಬರೆಯೋಕೆ ಬರುತ್ತಾ?"

ಅನಸೂಯ ಬಳೆ ಹಿಂದಕ್ಕೆ ಸರಿಸಿ, ಬೋಗುಣಿಗೆ ಕೈ ಹಾಕಿದಳು.