ಪರಿಮಳದ ದಂಡನಾಯಕ

ಕಾಮಗೆರೆಯ ಶಿವನಂಜಯ್ಯನವರು ತಮ್ಮ ಮನೆಯೊಳಗೆ ನಡೆಯುತ್ತಿದ್ದುದೇ ತುದಿಗಾಲಿನಲ್ಲಿ. ತಾವೇ ಒರೆಸಿದ ನೆಲವನ್ನು ತಾವೇ ತುಳಿಯುವುದು ಅವರ ಪಾಲಿಗೆ ಮಹಾಪಾತಕ. ಪಂಚೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ, ಒರೆಸುವ ಕೋಲನ್ನು ಗದೆಯಂತೆ ಹೆಗಲಿಗೇರಿಸಿ, ಕ್ರಿಮಿಕುಲ ಸಂಹಾರಕ್ಕೆ ಹೊರಟರೆಂದರೆ ಹಲ್ಲಿಗಳೂ ಸೂರು ಬಿಟ್ಟು ಓಡುತ್ತಿದ್ದವು. ದಿವ್ಯಾಸ್ತ್ರವೆಂದರೆ ಬೀದಿಬೀದಿ ಸುತ್ತುವ ವ್ಯಾನಿನವನು ಹಳೆಯ ಸೋಡಾ ಬಾಟಲಿಗೆ ಸುರಿದು ಮಾರುತ್ತಿದ್ದ ಹಸಿರು ಫಿನಾಯಿಲು. ಬಾಟಲಿಗೆ ಚೀಟಿಯಿಲ್ಲ, ಮಾಡಿದವನ ಹೆಸರಿಲ್ಲ. ಮಲ್ಲಿಗೆಯ ವಾಸನೆ ಮಾತ್ರ ಕೊಳ್ಳೇಗಾಲದ ತನಕ. "ಮೂಗು ಉರೀಬೇಕು ಕಣ್ರಿ, ಆಗ್ಲೇ ಕಿಲೀನು" ಎಂಬುದು ಅವರ ಸಿದ್ಧಾಂತ. ಮೊಮ್ಮಗಳು ಅದೇ ನೆಲದ ಮೇಲೆ ಅಂಬೆಗಾಲಿಕ್ಕಿ, ಅದೇ ಅಂಗೈಯನ್ನು ಬಾಯಿಗಿಟ್ಟು ಕೆಮ್ಮಿದರೆ, ತಾತ ಮತ್ತೊಂದು ಮುಚ್ಚಳ ಸುರಿಯುತ್ತಿದ್ದರು.

ಮನೆಯೊಳಗೆ ಈ ಸಾಮ್ರಾಜ್ಯಕ್ಕೆ ಸೇರದೆ ಉಳಿದಿದ್ದುದು ಹೆಂಡತಿ ಮಹಾಲಕ್ಷ್ಮಮ್ಮನವರ ರೇಷ್ಮೆಹುಳುವಿನ ಕೋಣೆಯೊಂದೇ. ಕಳೆದ ಶ್ರಾವಣದಲ್ಲಿ ಹುಳುಗಳು ಕಡೆಯ ಸಲ ಪೊರೆ ಕಳಚಿ, ಗೂಡು ಕಟ್ಟುವ ಮುಂಚಿನ ಮಹಾಹಸಿವಿನಲ್ಲಿದ್ದವು. ಆಕೆ ಹನೂರಿಗೆ ಹೋದ ಹೊತ್ತು ನೋಡಿ ಶಿವನಂಜಯ್ಯನವರು ಆ ಕೋಟೆಯನ್ನೂ ಗೆದ್ದು ಒರೆಸಿಬಿಟ್ಟರು.

ಮಧ್ಯಾಹ್ನ ಬಂದ ಮಹಾಲಕ್ಷ್ಮಮ್ಮ ಕೋಣೆಯ ಬಾಗಿಲಲ್ಲೇ ನಿಂತರು. ಹುಳುಗಳು ಸೊಪ್ಪು ಮೇಯುವಾಗ ಕೇಳುವ ತುಂತುರುಮಳೆಯಂಥ ಸದ್ದಿಲ್ಲ. ಎಲ್ಲವೂ ತಲೆಯೆತ್ತಿ ಸುಮ್ಮನಿವೆ. ಬೆಳೆ ಕೈಬಿಡುವ ಲಕ್ಷಣ.

"ಏನ್ ಉಯ್ದ್ರಿ ಇಲ್ಲಿ?"

"ಒಂದೇ ಒಂದು ಮುಚ್ಳ. ವಾಸ್ನೆ ಆಗ್ಲೇ ಓಯ್ತು ಕಣಮ್ಮಿ."

"ವಾಸ್ನೆ ಓಯ್ತು. ಅದ್ರೊಳ್ಗಿದ್ದದ್ದು ಎಲ್ಲಿಗೋಯ್ತು? ಮಗಾ ಕೆಮ್ಮಿ ಕೆಮ್ಮಿ ಯೋಳ್ತು, ನಿಮ್ಗೆ ಕೇಳ್ನಿಲ್ಲ. ಈಗ ಉಳ ಯೋಳ್ತಾವೆ, ಕೇಳಿ!"

ದಂಡನಾಯಕರು ಕೋಲು ಕೆಳಗಿಟ್ಟರು. ಹುಳು ಸಾಕುವ ತಟ್ಟೆಗಳನ್ನು ಒಂದೊಂದಾಗಿ ಹೊತ್ತು, ತಾವು ಇನ್ನೂ ಒರೆಸಿರದ ಏಕೈಕ ಜಾಗವಾದ ಹಿತ್ತಿಲ ಜಗಲಿಗೆ ಸಾಗಿಸಿದರು. ಹೊಸ ಸೊಪ್ಪು ಹಾಸಿ, ಸೊಳ್ಳೆಪರದೆ ಇಳಿಬಿಟ್ಟು, ತಟ್ಟೆಗೆ ಕಿವಿಗೊಟ್ಟು ಕುಳಿತರು. ಕೆಲವು ಹುಳು ಉಳಿಯಲಿಲ್ಲ. ಮಾರನೆಯ ಬೆಳಿಗ್ಗೆ ಒಂದು ಮೂಲೆಯಿಂದ ಚರಚರ ಶುರುವಾಯಿತು. "ಮಾದೇವಾ, ತಿಂತಾವೆ!" ಎಂದು ಅವರು ಕೂಗಿದ ರಭಸಕ್ಕೆ ಮೊಮ್ಮಗಳು ಎದ್ದು ಅತ್ತಳು.

ಈಗ ಅವರ ನೆಲಕ್ಕೆ ಬಿಸಿನೀರು, ಅಂಟುವಾಳದ ನೊರೆ. ಮಗುವಿನ ಕೆಮ್ಮು ತಗ್ಗಿದೆ. ವ್ಯಾನು ಬಂದರೆ ಕೋಲು ಅಡ್ಡ ಹಿಡಿದು, "ಇದ್ರೊಳ್ಗೆ ಏನೇನದೆ, ಬರ್ದು ಅಂಟಿಸ್ಕಂಡು ಬಾ ಲಾ!" ಎನ್ನತೊಡಗಿದರು. ವ್ಯಾನು ಈಗ ಆ ಬೀದಿಗೆ ತಿರುಗುವುದಿಲ್ಲ. ತುದಿಗಾಲಿನ ನಡಿಗೆ ಮಾತ್ರ ಹಾಗೆಯೇ ಇದೆ.

ಹಟಮಾರಿಗಳು ಬದಲಾಗುವುದಿಲ್ಲವೆಂದು ನಾವು ನಿಟ್ಟುಸಿರಿಡುತ್ತೇವೆ. ಬದಲಾಗಬೇಕಾಗಿಯೂ ಇಲ್ಲ; ಸರಿಯಾದ ಶತ್ರುವನ್ನು ತೋರಿಸಿದರೆ ಸಾಕು. ಮಿಕ್ಕವರು ತಲೆದೂಗಿ ಮರೆತುಬಿಡುವ ಯುದ್ಧವನ್ನು ಅವರು ಪಂಚೆ ಎತ್ತಿಕಟ್ಟಿ ಗೆದ್ದುಕೊಡುತ್ತಾರೆ.