ಕೆಳಗಿಳಿಯದ ವರದಿ

ಆಂಬುಲೆನ್ಸಿನ ಹಿಂಬಾಗಿಲು ತೆರೆದಾಗ ಮೊದಲು ಇಳಿದದ್ದು ಮಂಜಯ್ಯನಲ್ಲ, ಬ್ಲೀಚಿಂಗ್ ಪೌಡರಿನ ಚೀಲ. ಮೈಪೂರ್ತಿ ನೀಲಿ ಪ್ಲಾಸ್ಟಿಕ್ ಅಂಗಿ ತೊಟ್ಟ ಇಬ್ಬರು ಅಂಗಳದ ಮಧ್ಯೆ ಆ ಪುಡಿಯಿಂದ ದೊಡ್ಡದೊಂದು ಚೌಕ ಎಳೆದರು. ಆಮೇಲೆ ಸ್ಟ್ರೆಚರ್ ಇಳಿಸಿ ಚೌಕದೊಳಗೆ ಇಟ್ಟರು. ಬಿಳಿ ಚೀಲದೊಳಗೆ ಸುತ್ತಿ, ಅಂಚಿಗೆಲ್ಲ ಟೇಪ್ ಬಿಗಿದಿದ್ದ ಆ ಉದ್ದನೆಯ ಗಂಟಿನಲ್ಲಿ ತಲೆ ಯಾವ ಕಡೆಗಿದೆ ಎಂದು ಹೇಳುವುದೇ ಕಷ್ಟವಿತ್ತು. ಹೆಂಡತಿ ಪಾಪಮ್ಮ ಒಮ್ಮೆ ಆ ತುದಿ ನೋಡಿದಳು, ಒಮ್ಮೆ ಈ ತುದಿ ನೋಡಿದಳು.

"ಇವ್ರ ತಲೆ ಯಾವ ಕಡೆ?" ಎಂದು ಕೇಳಿದಳು.

ನೀಲಿ ಅಂಗಿಯವನೊಬ್ಬ ಕೈ ತೋರಿಸಿದ.

"ಹಾಗಾದ್ರೆ ತಿರುಗ್ಸಿ. ದಕ್ಷಿಣಕ್ಕೆ ತಲೆ ಬರ್ಬೇಕು."

ಅವರು ತಿರುಗಿಸಿದರು. ಗಂಡನ ವಿಷಯದಲ್ಲಿ ಆ ದಿನ ಅವಳ ಮಾತು ಅಷ್ಟರ ಮಟ್ಟಿಗೆ ನಡೆಯಿತು.

ಹಿತ್ತಲಲ್ಲಿ ಮೂರು ಕಲ್ಲಿನ ಒಲೆಯ ಮೇಲೆ ಬೆಳಗಿನಿಂದ ಹಂಡೆ ನೀರು ಕಾಯುತ್ತಿತ್ತು. ಅವನಿಗೆ ಬಿಸಿನೀರೆರೆದು, ಹೊಸ ಪಂಚೆ ಉಡಿಸಿ, ಬಾಯಿಗೆ ನಾಲ್ಕು ಅಕ್ಕಿಕಾಳು ಹಾಕಿ ಕಳಿಸಬೇಕು. ಪಾಪಮ್ಮನ ತಲೆಯಲ್ಲಿ ಇದ್ದದ್ದು ಇಷ್ಟೇ. ಜ್ವರ ತಲೆಗೇರಿ ಮಾತು ನಿಂತ ದಿನ ಆಸ್ಪತ್ರೆಯವರು ಅವನನ್ನು ಗಾಜಿನ ಕೋಣೆಯೊಳಗೆ ಹಾಕಿದ್ದರು. ಅಲ್ಲಿಂದೀಚೆಗೆ ಅವಳು ಅವನನ್ನು ಮುಟ್ಟಿರಲಿಲ್ಲ.

"ಚೀಲ ತೆರೆಯೋ ಹಾಗಿಲ್ಲಮ್ಮ," ಎಂದರು ಜೊತೆಗೆ ಬಂದಿದ್ದ ತಾಲ್ಲೂಕಿನ ಡಾಕ್ಟರು. ಚಿಕ್ಕ ವಯಸ್ಸು, ಹೊಸ ಕೆಲಸ. ಹೇಳುವಾಗ ನೆಲ ನೋಡುತ್ತಿದ್ದರು. "ಯಾವ ಜ್ವರ ಅಂತ ರಿಪೋರ್ಟ್ ಕೈಗೆ ಬಂದಿಲ್ಲ. ಬರೋವರೆಗೆ ಯಾರೂ ಮುಟ್ಬಾರ್ದು. ಹಾಗೇ ಒಯ್ದು ಸುಡ್ಬೇಕು."

"ಯಾವಾಗ ಬರುತ್ತೆ?" ಮಗಳು ರೂಪಶ್ರೀ ಕೇಳಿದಳು.

"ಬಂದಿರ್ಲೂಬಹುದು. ನನಗೆ ನೇರ ಬರಲ್ಲ."

"ಮತ್ತೆ ಯಾರಿಗೆ ಬರುತ್ತೆ?"

"ಮೇಲಕ್ಕೆ."

"ಮೇಲೆ ಅಂದ್ರೆ ಎಲ್ಲಿಗೆ ಡಾಕ್ಟ್ರೇ? ಚಿಕ್ಕಮಗಳೂರಿಗಾ, ಬೆಂಗಳೂರಿಗಾ?"

ಡಾಕ್ಟರು ದನಿ ತಗ್ಗಿಸಿದರು. ಯಾವುದೋ ದೇಶದವರು ನಮ್ಮ ದೇಶದವರಿಗೆ ಎಚ್ಚರಿಕೆ ಕೊಟ್ಟಿದ್ದಾರಂತೆ. ಯಾರೋ ಉಗ್ರರು ರೋಗಾಣು ಹರಡುವ ಸಂಚು ಮಾಡಿರಬಹುದಂತೆ. ಎಲ್ಲಿ, ಯಾವಾಗ ಎಂದು ಗೊತ್ತಿಲ್ಲ. ಆದ್ದರಿಂದ ಗುರುತು ಸಿಗದ ಜ್ವರದಲ್ಲಿ ಯಾರೇ ಸತ್ತರೂ ರಕ್ತಪರೀಕ್ಷೆಯ ಫಲಿತಾಂಶ ಮೊದಲು ದೆಹಲಿಗೆ ಹೋಗಬೇಕು. ಅಲ್ಲಿ ನಾಲ್ಕಾರು ಇಲಾಖೆಯವರು ಕೂತು ನೋಡಿದ ಮೇಲೆ ಕೆಳಗೆ ಬರಬೇಕು.

"ಇಷ್ಟನ್ನೂ ನಾನು ನಿಮಗೆ ಹೇಳ್ಬಾರ್ದಿತ್ತು," ಎಂದು ಸೇರಿಸಿದರು.

"ಅಪ್ಪಯ್ಯನ ಜ್ವರದಲ್ಲಿ ಸಂಚು ಎಂತ ಇರುತ್ತೆ?" ಎಂದಳು ರೂಪಶ್ರೀ. "ಸಂತೆ ಬಿಟ್ರೆ ಕಾಡು, ಕಾಡು ಬಿಟ್ರೆ ಮನೆ. ಬೇರೆಲ್ಲೂ ಹೋದವರಲ್ಲ ಅವ್ರು."

ಪಾಪಮ್ಮ ಹಿತ್ತಲಿಗೆ ಹೋಗಿ ಹಂಡೆಗೆ ಇನ್ನೊಂದು ಕೊಡ ನೀರು ಸುರಿದಳು; ಮೊದಲಿನದು ಕುದಿಕುದಿದು ಅರ್ಧವಾಗಿತ್ತು.

*

ಮೇಲಕ್ಕೆ ಕಳಿಸುವುದೇ ಮಂಜಯ್ಯನ ಜೀವಮಾನದ ಕಸುಬಾಗಿತ್ತು. ಪೊಲೀಸಿನಲ್ಲಿ ಗುಪ್ತ ಮಾಹಿತಿ ಕಲೆಹಾಕುವ ಕೆಲಸ. ಖಾಕಿ ಇಲ್ಲ, ಲಾಠಿ ಇಲ್ಲ, ಒಂದು ಹಳೆಯ ಬೈಕು. ಮೂಡಿಗೆರೆಯಿಂದ ಕಳಸದವರೆಗೆ ಅವನ ಸರಹದ್ದು. ಗುಪ್ತ ಎನ್ನುವುದು ಹೆಸರಿಗೆ ಮಾತ್ರ. ಕಳಸದ ಪೇಟೆಯಲ್ಲಿ ಬೈಕು ನಿಲ್ಲಿಸಿದರೆ ಬಾಡಿಗೆ ಜೀಪಿನವರು "ಓ, ಸಿಐಡಿ ಬಂದ್ರು" ಎಂದು ಜಾಗ ಬಿಡುತ್ತಿದ್ದರು. ಮದುವೆ ಮನೆಯಲ್ಲಿ ಹೋಳಿಗೆ ಬಡಿಸುವವರು, "ತುಪ್ಪ ಕಮ್ಮಿ ಆಯ್ತು ಅಂತ ಮೇಲಕ್ಕೆ ತಿಳಿಸ್ಬೇಡಿ ಮತ್ತೆ" ಎನ್ನುತ್ತಿದ್ದರು. ಮಂಜಯ್ಯ ನಗುತ್ತಿದ್ದ. ನಕ್ಕು, ಬೇಕಾದ್ದನ್ನು ಕೇಳಿಸಿಕೊಂಡು, ಸಂಜೆ ಮೇಲಕ್ಕೆ ಕಳಿಸುತ್ತಿದ್ದ. ಕಳಿಸಿದ್ದನ್ನು ಯಾರು ಓದಿದರು, ಅದರಿಂದ ಏನಾಯಿತು ಎನ್ನುವುದು ಒಂದು ದಿನವೂ ಅವನಿಗೆ ತಿಳಿದು ಬರಲಿಲ್ಲ. ತಿಳಿಯಬೇಕೆಂದು ಅವನು ಹಟ ಹಿಡಿದವನೂ ಅಲ್ಲ.

ಮನೆಯಲ್ಲೂ ಅದೇ ಅಭ್ಯಾಸ. ಮೀನು ತಂದರೆ ಎಲ್ಲಿಂದ ತಂದ ಎಂದು ಹೇಳುತ್ತಿರಲಿಲ್ಲ. ಊಟಕ್ಕೆ ಬರುತ್ತೀರಾ ಎಂದರೆ "ನೋಡೋಣ" ಎನ್ನುತ್ತಿದ್ದ. ಪಾಪಮ್ಮ ಮೊದಮೊದಲು ಸಿಟ್ಟು ಮಾಡಿದಳು, ಆಮೇಲೆ ತಮಾಷೆ ಮಾಡಿದಳು, ಕೊನೆಗೆ ಕೇಳುವುದನ್ನೇ ಬಿಟ್ಟಳು.

ಒಂದು ಸಲ ಮಾತ್ರ ಬಿಡದೆ ಕೇಳಿದ್ದಳು. ನಿವೃತ್ತಿ ಹತ್ತಿರವಿದ್ದಾಗ ಇಲಾಖೆಯವರು ಅವನನ್ನು ಇದ್ದಕ್ಕಿದ್ದಂತೆ ಕಡೂರಿನ ಬಯಲಿಗೆ ಎತ್ತಿ ಹಾಕಿ, ಬರಬೇಕಿದ್ದ ಬಡ್ತಿಯನ್ನೂ ತಡೆದರು. ಎಂತ ಮಾಡಿದ್ರಿ ಎಂದು ಕೇಳಿದರೆ "ಎಂತದೂ ಇಲ್ಲ" ಎಂದ. ಅವನು ಹೇಳದೆ ಬಿಟ್ಟದ್ದನ್ನು ಊರವರು ತಮಗೆ ತೋಚಿದಂತೆ ತುಂಬಿಕೊಂಡರು. ರೂಪಶ್ರೀಯನ್ನು ನೋಡಲು ಬಂದ ಮೊದಲ ಗಂಡಿನ ಕಡೆಯವರು, ದುಡ್ಡು ತಿಂದು ಸಿಕ್ಕಿಬಿದ್ದವನ ಮನೆಯ ಸಂಬಂಧ ಬೇಡ ಎಂದು ಎದ್ದು ಹೋದಾಗ ಪಾಪಮ್ಮ ಗಂಡನ ಮುಖ ನೋಡಿದಳು. ಈಗಲಾದರೂ ಬಾಯಿ ಬಿಟ್ಟಾನು ಎಂದುಕೊಂಡಳು. ಅವನು ಖಾಲಿ ಕಾಫಿ ಲೋಟಗಳನ್ನು ಒಟ್ಟುಮಾಡಿ ಒಳಗೆ ಒಯ್ಯುತ್ತಿದ್ದ. ಮುಂದೆ ಮಗಳಿಗೆ ಮಲ್ಲಂದೂರಿನಲ್ಲಿ ಒಳ್ಳೆಯ ಮನೆಯೇ ಸಿಕ್ಕಿತು, ಆದರೆ ಆ ಹೊತ್ತಿನ ಸಿಟ್ಟು ಪಾಪಮ್ಮನಿಗೆ ಪೂರ್ತಿ ಇಳಿದದ್ದೇ ಇಲ್ಲ.

*

ಜನ ಬಂದಿದ್ದರು, ಆದರೆ ಬೇಲಿಯಾಚೆಯೇ ನಿಂತಿದ್ದರು. ಪಕ್ಕದ ತೋಟದ ವಿಶ್ವನಾಥ್, ಕಾಫಿ ಹೂವಿಗೆಂದು ಬಿಟ್ಟಿದ್ದ ಸ್ಪ್ರಿಂಕ್ಲರಿನ ಎಂಜಿನ್ ನಿಲ್ಲಿಸಿ ಬಂದಿದ್ದ. ಅವನ ಪಕ್ಕದಲ್ಲಿ ಮುದ್ದಮ್ಮ ಸೆರಗನ್ನು ಮೂಗಿಗೆ ಒತ್ತಿ ನಿಂತಿದ್ದಳು.

"ಹೊರೋದು ಯಾರಂತೆ?" ಎಂದಳು ಮುದ್ದಮ್ಮ.

"ಆ ನೀಲಿ ಅಂಗಿಯವರೇ ಒಯ್ತಾರಂತೆ."

"ಕೊಟ್ಟಿಗೆಗೆ ಹಾಸಕ್ಕೆ ಒಣಗಿದೆಲೆ ತರೋಕೆ ನಾನೂ ಅವ್ರ ಹಿಂದೇನೇ ಕಾಡಿಗೆ ಹೋಗಿದ್ದೆ ಮಾರಾಯ. ನಿನ್ನೆಯಿಂದ ನಂಗೂ ಮೈಕೈ ನೋವು."

"ಹೆದರ್ಬೇಡ. ಬಿಸಿಲಿಗೆ ಹಾಗಾಗುತ್ತೆ."

"ಹೆದರ್ದೆ ಎಂತ ಮಾಡ್ಲಿ? ಎಂತ ಜ್ವರ ಅಂತ ಯಾರೂ ಹೇಳಲ್ಲ."

"ಊರೆಲ್ಲರ ಸುದ್ದಿ ಮೇಲಕ್ಕೆ ಕೊಟ್ಟವ್ರು," ಎಂದ ವಿಶ್ವನಾಥ್. "ಈಗ ನೋಡು, ಅವ್ರ ಸುದ್ದಿ ಅವ್ರ ಮನೆಯವ್ರಿಗೇ ಇಲ್ಲ."

ಹೇಳಿದ ಮೇಲೆ ಹೇಳಬಾರದಿತ್ತು ಎನ್ನಿಸಿ ರಸ್ತೆಯ ಕಡೆಗೆ ತಿರುಗಿದ.

ಆಗ ಕಳಸದ ಕಡೆಯ ಜೀಪೊಂದರಿಂದ ಹೆಂಗಸೊಬ್ಬಳು ಇಳಿದಳು. ಬೇಲಿಯ ಹತ್ತಿರ ನಿಲ್ಲಲಿಲ್ಲ; ಚಪ್ಪಲಿ ಬಿಟ್ಟು, ಬಿಳಿ ಗೆರೆಯವರೆಗೂ ನಡೆದು ಬಂದು ಕೈಮುಗಿದಳು. ಕೈ ಇಳಿಸಿದ ಮೇಲೂ ಹೋಗಲಿಲ್ಲ. ಕಣ್ಣೊರೆಸಿಕೊಳ್ಳುತ್ತ ನಿಂತವಳ ಹತ್ತಿರ ಪಾಪಮ್ಮ ಹೋದಳು.

"ಯಾರಮ್ಮ ನೀವು?"

"ತಂಗಮ್ಮ ಅಂತ ಅಕ್ಕ. ಹೆಲ್ತ್ ಡಿಪಾರ್ಟ್‌ಮೆಂಟಲ್ಲಿ ಇದ್ದೀನಿ."

"ಇವ್ರು ನಿಮಗೆ ಹೇಗೆ ಗೊತ್ತು?"

"ಒಂದೇ ಸಲ ಫೋನ್ ಮಾಡಿದ್ರು. ಅದಕ್ಕೇ ಅವ್ರನ್ನ ಕಡೂರಿಗೆ ಹಾಕಿದ್ದು. ನಿಮಗೆ ಹೇಳಿರ್ಬೇಕಲ್ಲ."

"ನಂಗೆ ಮೀನು ಎಲ್ಲಿಂದ ತಂದ್ರು ಅಂತಾನೂ ಹೇಳಿದವ್ರಲ್ಲ," ಎಂದಳು ಪಾಪಮ್ಮ. "ನೀವೇ ಹೇಳಿ."

ತಂಗಮ್ಮ ಗೆರೆಯ ಪಕ್ಕದಲ್ಲಿ ನಿಂತೇ ಹೇಳಿದಳು.

*

ಅವನನ್ನು ಕಡೂರಿಗೆ ಹಾಕಿದ ಆ ವರ್ಷವೂ ಹೀಗೇ ಒಂದು ಎಚ್ಚರಿಕೆ ಬಂದಿತ್ತು. ಹೊರದೇಶದಿಂದ ದೆಹಲಿಗೆ, ದೆಹಲಿಯಿಂದ ಬೆಂಗಳೂರಿಗೆ, ಅಲ್ಲಿಂದ ಚಿಕ್ಕಮಗಳೂರಿಗೆ ಇಳಿಯುತ್ತ ಇಳಿಯುತ್ತ ಸವೆದು, ಮಂಜಯ್ಯನ ಕೈಗೆ ಬರುವಾಗ ಕೆಲವೇ ಸಾಲು ಉಳಿದಿತ್ತು. ವಿಷದ ರಾಸಾಯನಿಕ ಕೊಳ್ಳುವವರ ಮೇಲೆ, ಅನುಮಾನದ ಪುಡಿಗಳ ಮೇಲೆ, ಪ್ರಾಣಿಗಳ ಅಸಹಜ ಸಾವಿನ ಮೇಲೆ ಕಣ್ಣಿಡಿ. ಕಂಡದ್ದನ್ನು ಮೇಲಕ್ಕೆ ತಿಳಿಸಿ. ಬೇರೆ ಯಾವ ಇಲಾಖೆಗೂ ಬೇಡ. ಮಂಜಯ್ಯ ಕಳಸದ ಗೊಬ್ಬರದಂಗಡಿಗೆ ಹೋಗಿ ವಿಚಾರಿಸಿದ. "ಮೈಲುತುತ್ತ ಎಲ್ಲರೂ ತಗೊಳ್ತಾರೆ ಸಾರ್, ತೋಟಕ್ಕೆ ಔಷಧಿ ಹೊಡಿಬೇಕಲ್ಲ," ಎಂದ ಅಂಗಡಿಯವನು. "ಯಾರ್ಯಾರ ಹೆಸರು ಹೇಳ್ಲಿ? ನಿಮ್ಮ ಭಾವಂದೂ ಸೇರ್ಸಿ ಹೇಳ್ಲಾ?" ಮಂಜಯ್ಯ ಆ ದಾರಿ ಬಿಟ್ಟ.

ಆಮೇಲೆ ಕಳಸದಾಚೆಯ ಎಸ್ಟೇಟೊಂದರಲ್ಲಿ ಮಂಗಗಳು ಒಂದೊಂದಾಗಿ ಸಾಯತೊಡಗಿದವು. ಅವನು ಮೇಲಕ್ಕೆ ತಿಳಿಸಿದ. ತಜ್ಞರು ಬರುವವರೆಗೆ ಬಾಯಿ ಬಿಡಬೇಡ ಎಂದು ಹೇಳಿದರು. ತಜ್ಞರು ಬರುವ ಮುಂಚೆ ಕರಿಮೋರೆಯ ದೊಡ್ಡ ಮಂಗ, ಮುಸಿಯವೊಂದು, ಕೂಲಿಯವರ ಲೈನ್ ಮನೆಗಳ ಮುಂದೆಯೇ ಬಿದ್ದು ಸತ್ತಿತು. ಹನುಮಂತ ನಮ್ಮ ಮನೆ ಬಾಗಿಲಲ್ಲಿ ಪ್ರಾಣ ಬಿಟ್ಟ ಎಂದು ಜನ ಅದಕ್ಕೆ ಮನುಷ್ಯರಿಗೆ ಮಾಡುವಂತೆಯೇ ಮಾಡಲು ನಿಂತರು. ಚಟ್ಟ ಕಟ್ಟಿದರು, ಹಾರ ತಂದರು, ಅರಿಸಿನದ ನೀರಲ್ಲಿ ಅದನ್ನು ಮೀಯಿಸಲು ಹೆಂಗಸರು ಕೂತರು. ಮಕ್ಕಳು ಅದರ ಬಾಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು.

ಮಂಜಯ್ಯ ತನ್ನ ಮೇಲಧಿಕಾರಿ ಬಸವರಾಜಪ್ಪನವರಿಗೆ ಫೋನ್ ಮಾಡಿದ.

"ಜನ ಮಂಗನ ಹೆಣ ಮುಟ್ತಾ ಇದ್ದಾರೆ ಸಾರ್. ಮಕ್ಕಳೂ ಇದ್ದಾರೆ."

"ಆರ್ಡರ್ ಏನಿದೆ ಮಂಜಯ್ಯ?"

"ಯಾರಿಗೂ ಹೇಳ್ಬಾರ್ದು ಅಂತ."

"ಮತ್ತೇನು? ನೀನು ದೂರ ನಿಂತ್ಕೋ."

ಬಸವರಾಜಪ್ಪ ಕೆಟ್ಟವರೇನಲ್ಲ. ಅವರಿಗೆ ಮೇಲಿನಿಂದ ಬಂದದ್ದೂ ಅಷ್ಟೇ ಆಗಿತ್ತು.

ಮಂಜಯ್ಯ ದೂರ ನಿಂತ. ಸ್ವಲ್ಪ ಹೊತ್ತು ನಿಂತ. ಆಮೇಲೆ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ, ಮಂಗಗಳು ಸಾಯ್ತಾ ಇವೆ, ಹೆಣ ಮೀಯಿಸ್ತಾ ಇದ್ದಾರೆ, ಬೇಗ ಬನ್ನಿ ಎಂದ. ಫೋನ್ ಎತ್ತಿದ್ದು ತಂಗಮ್ಮ. ಅವಳು ಹೆಸರು ಕೇಳಿದಾಗ ಹೆಸರನ್ನೂ ಹೇಳಿದ. ಅದೊಂದನ್ನು ಹೇಳದಿದ್ದರೂ ನಡೆಯುತ್ತಿತ್ತು.

ತಂಗಮ್ಮ ಸ್ಕೂಟರಿನಲ್ಲಿ ಓಡಿ ಬಂದಾಗ ಹೆಂಗಸರ ಸೀರೆಯ ಮೇಲೆ ಮಂಗನ ಮೈಯಿಂದ ಇಳಿದ, ರಕ್ತ ಹೀರುವ ಉಣುಗು ಹರಿದಾಡುತ್ತಿತ್ತು. ಎಲ್ಲರನ್ನೂ ಬೈದು ಎಬ್ಬಿಸಿ, ಬಿಸಿನೀರಲ್ಲಿ ಮೀಯಲು ಅಟ್ಟಿ, ಮಂಗನನ್ನು ಇದ್ದಲ್ಲೇ ಸುಡಿಸಿದಳು. ಜನ ಅವಳಿಗೆ ಶಾಪ ಹಾಕಿದರು. ಇಬ್ಬರಿಗೆ ಜ್ವರ ಬಂತು, ಬದುಕಿಕೊಂಡರು. ಸಂಚು ಎಂತದೂ ಇರಲಿಲ್ಲ. ಮಲೆನಾಡಿಗೆ ಹಳೆಯ ಪರಿಚಯದ ಮಂಗನ ಕಾಯಿಲೆ. ಆದರೆ ಗುಟ್ಟು ಹೊರಗೆ ಹೋದದ್ದು ಹೇಗೆ ಎಂದು ವಿಚಾರಣೆ ನಡೆಯಿತು. ಮಂಜಯ್ಯ ನಾನೇ ಎಂದ.

*

ಪಾಪಮ್ಮನಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಇಷ್ಟನ್ನು ತನಗೊಬ್ಬಳಿಗೆ ಹೇಳಿದ್ದರೆ ಯಾವ ದೇಶ ಮುಳುಗಿ ಹೋಗುತ್ತಿತ್ತು ಎನ್ನಿಸಿತು. ಇಷ್ಟು ವರ್ಷ ಒಂದೇ ಮನೆಯಲ್ಲಿ ಉಂಡು ಮಲಗಿ, ಅವನ ಬಗ್ಗೆ ಊರವರು ಅಂದುಕೊಂಡದ್ದನ್ನೇ ತಾನೂ ಅರ್ಧ ನಂಬಿದ್ದಕ್ಕೆ ನಾಚಿಕೆಯೂ ಆಯಿತು.

ಡಾಕ್ಟರು ಗಡಿಯಾರ ನೋಡಿ, ಹೊರಡೋಣ ಎಂದರು. ನೀಲಿ ಅಂಗಿಯವರು ಬಗ್ಗಿ ಸ್ಟ್ರೆಚರ್ ಎತ್ತಿದರು.

"ಒಂದು ಹಂಡೆ ನೀರು ಕಾಯಿಸಿಟ್ಟಿದ್ದೆ," ಎಂದಳು ಪಾಪಮ್ಮ ತಂಗಮ್ಮನಿಗೆ, ಏನನ್ನೂ ಕೇಳುವ ದನಿಯಲ್ಲಲ್ಲ. "ಸೌದೆನೂ ಮುಗೀತು. ಇವ್ರನ್ನ ಹೀಗೇ ಕಳ್ಸೋದು ಅಂತ ಕಾಣುತ್ತೆ."

ತಂಗಮ್ಮನಿಗೆ ನಿವೃತ್ತಿ ಹತ್ತಿರವಿತ್ತು, ಮಗನ ಓದು ಇನ್ನೂ ಮುಗಿದಿರಲಿಲ್ಲ. ಲ್ಯಾಬಿನ ಪರಿಚಯದವಳೊಬ್ಬಳು ಬೆಳಿಗ್ಗೆ ಫೋನಿನಲ್ಲಿ ಹೇಳಿದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು, ಕೈಮುಗಿದು ಹೋಗಿಬಿಡಲೆಂದೇ ಅವಳು ಬಂದಿದ್ದಳು. ಸ್ಟ್ರೆಚರ್ ಗೆರೆ ದಾಟುವುದರಲ್ಲಿತ್ತು.

"ಇಳ್ಸಿ ಅವ್ರನ್ನ," ಎಂದಳು. "ಡಾಕ್ಟ್ರೇ, ಇದು ಮಂಗನ ಕಾಯಿಲೆ. ಲ್ಯಾಬಲ್ಲಿ ಬೆಳಿಗ್ಗೇನೇ ಗೊತ್ತಾಗಿದೆ."

"ನಿಮಗೆ ಯಾರು ಹೇಳಿದ್ದು?"

"ಅದು ಬೇಡ. ಇಲ್ಲಿ ಹೇಳ್ತಾ ಇರೋದು ನಾನು. ಯಾರಾದ್ರೂ ಕೇಳಿದ್ರೆ ತಂಗಮ್ಮ ಅನ್ನಿ." ಬೇಲಿಯ ಕಡೆಗೆ ತಿರುಗಿ ದನಿ ಏರಿಸಿದಳು. "ಮನುಷ್ಯರ ಹೆಣ ಮುಟ್ಟಿದ್ರೆ ಬರಲ್ಲ ಇದು. ಉಣುಗು ಕಚ್ಚಿದ್ರೆ ಬರೋದು. ಇವ್ರ ಜೊತೆ ಕಾಡಿಗೆ ಹೋದವ್ರು ಯಾರಿದ್ದೀರಿ? ಇವತ್ತೇ ಬಂದು ರಕ್ತ ಕೊಡಿ."

"ನಾನಿದ್ದೀನಿ," ಎಂದಳು ಮುದ್ದಮ್ಮ.

ಡಾಕ್ಟರು ಕೈಯಲ್ಲಿದ್ದ ಫೋನು ನೋಡಿ ಜೇಬಿಗೆ ಹಾಕಿದರು. ಮಂಗನ ಕಾಯಿಲೆ ಒಬ್ಬರಿಂದ ಇನ್ನೊಬ್ಬರಿಗೆ ದಾಟುವುದಿಲ್ಲ ಎನ್ನುವುದು ಅವರು ಓದಿದ್ದೇ. ಸ್ಟ್ರೆಚರ್ ಕೆಳಗಿಡಲು ಸನ್ನೆ ಮಾಡಿ, ರೂಪಶ್ರೀಯ ಹತ್ತಿರ ಕತ್ತರಿ ಕೇಳಿದರು.

"ನಾನು ರಿಪೋರ್ಟಿಗೆ ಇನ್ನೂ ಕಾಯ್ತಾ ಇದ್ದೀನಿ," ಎಂದು ಯಾರಿಗೂ ಅಲ್ಲದೆ ಹೇಳಿ, ಕೂತು ಟೇಪ್ ಕತ್ತರಿಸತೊಡಗಿದರು.

ವಿಶ್ವನಾಥ್ ಬೇಲಿ ದಾಟಿ ಬಂದು, ರೂಪಶ್ರೀ ಹಿಡಿದಿದ್ದ ಹಂಡೆಯ ಇನ್ನೊಂದು ಬದಿ ಹಿಡಿದ. ಮುದ್ದಮ್ಮ ಮತ್ತು ಇನ್ನಿಬ್ಬರು ಹೆಂಗಸರು ಸೀರೆಯೊಂದನ್ನು ಬಿಡಿಸಿ ಮರೆ ಹಿಡಿದರು. ಮಗಳು ನೀರೆರೆದಳು, ಪಾಪಮ್ಮ ಮೈ ತಿಕ್ಕಿದಳು. ಎಲ್ಲ ಆದ ಮೇಲೂ ಮುಖ ಸ್ವಚ್ಛವಾಗಲಿಲ್ಲ. ಆಸ್ಪತ್ರೆಯವರು ಉಸಿರಿನ ನಳಿಗೆಯನ್ನು ಬಾಯಿಗೆ ಹಾಕಿ ಅಂಟಿಸಿದ್ದ ಪ್ಲಾಸ್ಟರಿನ ಅಂಟು ತುಟಿಯ ಸುತ್ತ ಕಪ್ಪಗೆ ಕೂತಿತ್ತು. ಬಿಸಿನೀರಿಗೆ ಅದು ಜಗ್ಗಲಿಲ್ಲ.

"ಹೊತ್ತಾಯ್ತಮ್ಮ," ಎಂದಳು ರೂಪಶ್ರೀ.

"ಕೊಬ್ಬರಿ ಎಣ್ಣೆ ತಾ."

ಮಗಳು ಬಟ್ಟಲಲ್ಲಿ ತಂದುಕೊಟ್ಟಳು. ಪಾಪಮ್ಮ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಹೆಬ್ಬೆರಳನ್ನು ಎಣ್ಣೆಯಲ್ಲಿ ಅದ್ದಿ, ಅವನ ಬಾಯಿಗೆ ಅಂಟಿದ್ದ ಅಂಟನ್ನು ಒಂದು ತುದಿಯಿಂದ ಉಜ್ಜಿ ಉಜ್ಜಿ ಬಿಡಿಸತೊಡಗಿದಳು.