ಯಾರದೂ ಅಲ್ಲದ ಗೂಡು

ನನ್ನ ಗಂಡ ಎಲೆಕ್ಟ್ರಿಷಿಯನ್. ಊರವರ ಮನೆಗೆಲ್ಲ ಬೆಳಕು ಹಾಕಿಕೊಡುತ್ತಾರೆ, ನಮ್ಮ ಹಜಾರದ ಟ್ಯೂಬ್‌ಲೈಟ್ ಮಾತ್ರ ನಾನು ಬಂದಾಗಿನಿಂದ ಮಿಣುಕುತ್ತಲೇ ಇದೆ. ಕೆಲಸ ಮುಗಿದ ಮೇಲೆ ಉಳಿಯುವ ಹೊತ್ತೆಲ್ಲ ತಾರಸಿಯ ಹಕ್ಕಿಗಳಿಗೆ ಮೀಸಲು. ಅಲ್ಲಿ ಜಾಲರಿ ಹೊಡೆದ ಸಾಲು ಕೋಣೆಗಳಿವೆ, ಒಂದೊಂದರಲ್ಲಿ ಒಂದೊಂದು ಜೋಡಿ ಫಿಂಚ್. ಹೆಬ್ಬೆರಳಿಗಿಂತ ತುಸು ದೊಡ್ಡದು, ಕೆಂಪು ಮುಖ, ಹೊಟ್ಟೆಯ ಮೇಲೆ ಬಿಳಿ ಚುಕ್ಕಿ. ನೋಡಿದರೆ ಪಾಪ ಅನ್ನಿಸುತ್ತದೆ. ಆದರೆ ಪಕ್ಕದ ಕೋಣೆಯ ಗಂಡು ಕಣ್ಣಿಗೆ ಬಿದ್ದರೆ ಸಾಕು, ಕಾಳು ನೀರು ಬಿಟ್ಟು, ಗೂಡಿನ ಮೊಟ್ಟೆ ಬಿಟ್ಟು, ಪೈಲ್ವಾನನ ಹಾಗೆ ಜಾಲರಿಗೆ ಎದೆಕೊಟ್ಟು ನಿಲ್ಲುತ್ತದೆ. ಅದಕ್ಕೇ ಕೋಣೆ ಕೋಣೆಗಳ ನಡುವೆ ಹಲಗೆಯ ಮರೆ. "ಒಬ್ರ ಮುಖ ಒಬ್ರು ನೋಡದಿದ್ರೆ ಎಲ್ರ ಸಂಸಾರವೂ ಸುಖ," ಎಂದು ಮದುವೆಯ ಹೊಸದರಲ್ಲಿ ಹೇಳಿದ್ದರು. ತಮಾಷೆಗೆ ಅಂತ ನಾನೂ ನಕ್ಕಿದ್ದೆ.

ನಮ್ಮದು ತಡವಾಗಿ ಆದ ಮದುವೆ. ಅವರಿಗೆ ಎರಡನೆಯದು, ನನಗೆ ಮೊದಲನೆಯದು. ಅಲ್ಲಿಯವರೆಗೆ ತಮ್ಮನ ಮನೆಯಲ್ಲಿ ಹೊಲಿಗೆ ಮೆಷಿನ್ ತುಳಿಯುತ್ತ ಕಾಲ ಹಾಕಿದವಳು ನಾನು. ಇಲ್ಲಿಗೆ ಬಂದು ನೋಡಿದರೆ ಅಡುಗೆಮನೆ ಪೂರ್ತಿ ಮೊದಲನೆಯಾಕೆಯದು. ಆಕೆ ತೀರಿಕೊಂಡು ವರ್ಷಗಳೇ ಆದರೂ ಸೌಟು ನೇತುಹಾಕುವ ಮೊಳೆ ಕೂಡ ಆಕೆ ಹೊಡೆಸಿದಲ್ಲೇ ಇತ್ತು. ಕಾವಲಿಗೆ ಆಕೆಯ ಮಗಳು.

ಮಗಳು ಆಸ್ಪತ್ರೆಯಲ್ಲಿ ನರ್ಸ್. ಕೆಟ್ಟವಳಲ್ಲ, ಸುಳ್ಳು ಹೇಳಬಾರದು. ನನಗೆ ಜ್ವರ ಬಂದಾಗ ತಾನೇ ಮಾತ್ರೆ ತಂದು, ನುಂಗುವವರೆಗೂ ಎದುರಿಗೆ ಕೂತವಳು. ಆದರೆ ನಾನು ಒಂದು ಡಬ್ಬಿಯನ್ನು ಬೇರೆ ಕಡೆ ಇಟ್ಟೆನೋ, ಡ್ಯೂಟಿ ಮುಗಿಸಿ ಬಂದವಳ ಕಣ್ಣು ನೇರ ಅಲ್ಲಿಗೇ. "ಇದು ಇಲ್ಲಿರಲ್ಲ," ಎಂದು ಎತ್ತಿ ಹಳೆಯ ಜಾಗಕ್ಕಿಡುತ್ತಾಳೆ. ಬೈಯುವುದಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ನನಗೂ ಬಾಯಿದೆ. ಸುಮ್ಮನೆ ಡಬ್ಬಿ ಸರಿಸುವವರ ಹತ್ತಿರ ಜಗಳ ತೆಗೆಯುವುದು ಹೇಗೆ? ಮಗಳ ಮುಂದೆ ಗಂಡನ ಬಾಯಿಗೆ ಬೀಗ. ಸ್ವಂತ ಮನೆಯಲ್ಲಿ ನೆಂಟರ ಹಾಗೆ ಇದ್ದು ಇದ್ದು ನನಗೆ ಸಾಕುಬೇಕಾಗಿ ಹೋಯಿತು. ಭಾನುವಾರ ಬಂದು ಕರೆದುಕೊಂಡು ಹೋಗು, ಇನ್ನು ಇಲ್ಲಿರುವುದಿಲ್ಲ ಎಂದು ತಮ್ಮನಿಗೆ ಫೋನ್ ಮಾಡಿಬಿಟ್ಟೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಆ ವಾರವೇ ಮೂಲೆ ಕೋಣೆಯ ಹೆಣ್ಣು ಹಕ್ಕಿ ಹೊಟ್ಟೆಯಲ್ಲೇ ಮೊಟ್ಟೆ ಸಿಕ್ಕಿಕೊಂಡು ಸತ್ತಿತು. ಗಂಡು ಒಂಟಿಯಾಗಿ ಕೂಗಿ ಕೂಗಿ ಸೋತಿತು. ನನ್ನ ಗಂಡನ ಗೆಳೆಯನೊಬ್ಬನಿದ್ದಾನೆ, ಇವರಷ್ಟೇ ಹಕ್ಕಿ ಹುಚ್ಚಿನ ಕ್ಷೌರಿಕ. ಅವನು ಬೇರೊಂದು ಹೆಣ್ಣು ಹಕ್ಕಿಯನ್ನು ರಟ್ಟಿನ ಡಬ್ಬದಲ್ಲಿ ಹಾಕಿ ಕೊಟ್ಟ. ತಾರಸಿಯಲ್ಲಿ ಇವರು ಬಟ್ಟಲು ತೊಳೆಯುತ್ತಿದ್ದರು. ನಾನೇ ಬಿಡೋಣವೆಂದು ಮೂಲೆ ಕೋಣೆಯ ಚಿಲಕಕ್ಕೆ ಕೈ ಹಾಕಿದೆ.

"ಅಯ್ಯೋ, ಅಲ್ಲಿ ಬಿಡ್ಬೇಡ!"

ಕರೆಂಟ್ ಹೊಡೆದರೂ ದನಿ ಎತ್ತದ ಮನುಷ್ಯ! ನಾನು ಚಿಲಕದಿಂದ ಕೈ ತೆಗೆದೆ.

"ಅದು ಅವನ ಕೋಣೆ. ಒಂದೊಂದು ಕಡ್ಡಿನೂ ತನ್ನದೇ ಅಂದ್ಕೊಂಡಿದಾನೆ. ಹೊಸಬಳು ಎಲ್ಲಿ ಕೂತ್ರೂ ತಪ್ಪು. ಕಾಳು ಮುಟ್ಟೋಕೆ ಬಿಡಲ್ಲ, ಕುಕ್ಕಿ ಕುಕ್ಕಿ ಸಾಯಿಸ್ತಾನೆ."

"ಮತ್ತೆ ಹೇಗೆ?"

"ಇಬ್ಬರನ್ನೂ ಒಟ್ಟಿಗೆ ಹೊಸ ಜಾಗಕ್ಕೆ ಬಿಡ್ಬೇಕು. ಹೊಸ ಜಾಗ ಇಲ್ದಿದ್ರೆ ಹಳೇದನ್ನೇ ಖಾಲಿ ಮಾಡಿ, ಕೊಂಬೆ, ಗೂಡು, ಬಟ್ಟಲು ಎಲ್ಲಾ ಅದಲು ಬದಲು ಮಾಡಿ ಕಟ್ಟಬೇಕು. ಆಗ ಅದು ಯಾರದೂ ಅಲ್ಲ. ಕಾಳೆಲ್ಲಿ ನೀರೆಲ್ಲಿ ಅಂತ ಹುಡುಕೋದ್ರಲ್ಲೇ ಜಗಳ ಮರೆತುಹೋಗುತ್ತೆ."

ಖಾಲಿ ಕೋಣೆ ಇರಲಿಲ್ಲ. ಇಬ್ಬರೂ ಸೇರಿ ಇದ್ದದ್ದನ್ನೇ ಬರಿದು ಮಾಡಿದೆವು. ಹಸಿ ಕೊಂಬೆ ಕಟ್ಟಿದೆವು, ಗೂಡಿನ ಬುಟ್ಟಿಯನ್ನು ಎದುರು ಗೋಡೆಗೆ ಹಾಕಿದೆವು, ಒಣಹುಲ್ಲು ಹರಡಿದೆವು. ಜೊತೆಯಾಗಿ ಬಿಟ್ಟಾಗ ಗಂಡು ಹಕ್ಕಿ ತನ್ನ ಹಳೆಯ ಕಡ್ಡಿ ಇದ್ದಲ್ಲಿಗೆ ಹಾರಿತು. ಕಡ್ಡಿಯೇ ಇಲ್ಲ! ರೆಕ್ಕೆ ಬಡಿದು ನೆಲಕ್ಕಿಳಿದು ಕಕ್ಕಾಬಿಕ್ಕಿಯಾಗಿ ನೋಡಿತು. ಹೆಣ್ಣೂ ಅಷ್ಟೇ. ಆಮೇಲೆ ಎರಡೂ ಹುಲ್ಲು ಕೆದಕಿಕೊಂಡು ತಮ್ಮ ಪಾಡಿಗೆ ಓಡಾಡತೊಡಗಿದವು.

"ಗೆದ್ವಿ," ಎಂದರು ಇವರು. ನನ್ನ ಕಣ್ಣು ತುಂಬಿ ಬಂತು.

"ಯಾಕೆ, ಧೂಳು ಬಿತ್ತಾ?"

"ಅಲ್ರೀ, ಹಿಡಿಯಷ್ಟಿಲ್ಲದ ಹಕ್ಕಿ ತರೋವಾಗ ಇಷ್ಟೆಲ್ಲಾ ಯೋಚನೆ ಮಾಡ್ತೀರಿ. ನನ್ನನ್ನ ತರೋವಾಗ ಒಂದೇ ಒಂದು ಮೊಳೆನಾದ್ರೂ ಕಿತ್ತು ಬೇರೆ ಕಡೆ ಹೊಡೆದ್ರಾ?" ಭಾನುವಾರ ಹೊರಡುವ ವಿಷಯವನ್ನೂ ಆಗಲೇ ಕಡ್ಡಿ ಮುರಿದಂತೆ ಹೇಳಿಬಿಟ್ಟೆ. ಅವರು ಹೋಗಿ ಉಳಿದ ಬಟ್ಟಲು ತೊಳೆಯತೊಡಗಿದರು.

ಶನಿವಾರ ನಾನು ದಾರದ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಅಡುಗೆಮನೆಯ ಪಾತ್ರೆ ಪಗಡೆಯೆಲ್ಲ ಹಜಾರದ ನೆಲದ ಮೇಲಿತ್ತು. ಗೋಡೆ ಬೋಳು. ಇವರು ಹಳೆಯ ಶೆಲ್ಫ್ ಕಿತ್ತು ಎದುರು ಗೋಡೆಗೆ ಸ್ಕ್ರೂ ತಿರುಗಿಸುತ್ತಿದ್ದರು. ಅದೇ ಹೊತ್ತಿಗೆ ಮಗಳು ಬಂದಳು.

"ಅಪ್ಪ! ಅಮ್ಮ ಇಟ್ಟಿದ್ದನ್ನ ಮುಟ್ಟಿ ಅಂತ ಯಾರು ಅಂದ್ರು?"

ಯೂನಿಫಾರ್ಮಿನಲ್ಲೇ ಪಾತ್ರೆಗಳ ನಡುವೆ ಕುಸಿದು ಕೂತು ಅತ್ತಳು. "ಕತ್ತಲಲ್ಲಿ ಕೈ ಹಾಕಿದ್ರೂ ಅವಳು ಇಟ್ಟ ಡಬ್ಬಿ ಸಿಗ್ತಿತ್ತು. ಇನ್ನು ಅವಳು ನನಗೆ ಎಲ್ಲಿ ಸಿಗ್ತಾಳೆ?"

ನನ್ನ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು. ಇವಳು ನನ್ನನ್ನು ಹೊರಗಿಡಲು ಕಾವಲು ಕೂತಿದ್ದಾಳೆಂದು ನಾನು ಹಲ್ಲು ಕಚ್ಚಿಕೊಂಡಿದ್ದೆ. ಪಾಪದ ಹುಡುಗಿ ತಾಯಿಯನ್ನು ಹಿಡಿದಿಟ್ಟುಕೊಂಡಿದ್ದಳು.

"ಅವಳನ್ನ ಒಂದು ಮಾತು ಕೇಳದೆ ಕೀಳೋದಾ? ನಿಮಗೂ ಹಕ್ಕಿ ಬುದ್ಧಿನೇ ಬಂದಿದೆ," ಎಂದು ಗಂಡನನ್ನು ಗದರಿದೆ. "ಎಲ್ಲಾ ಮೊದಲಿದ್ದ ಹಾಗೇ ಇಡಿ. ನಾನು ಹೇಗೂ ನಾಳೆ ಹೊರಡೋಳು."

ಮಗಳು ತಲೆ ಎತ್ತಿದಳು. "ಎಲ್ಲಿಗೆ?"

"ತಮ್ಮನ ಮನೆಗೆ. ಇಲ್ಲಿ ನನಗೆ ಜಾಗ ಇಲ್ಲ ಕಣಮ್ಮ."

ಅವಳು ಅಪ್ಪನ ಮುಖ ನೋಡಿದಳು. ಅವರು ಸ್ಕ್ರೂಡ್ರೈವರ್ ಹಿಡಿದುಕೊಂಡು ಅಪರಾಧಿಯ ಹಾಗೆ ನಿಂತಿದ್ದರು. ಅವಳು ಮೂಗೊರೆಸಿಕೊಂಡು ಎದ್ದು ಒಂದು ಪಾತ್ರೆ ಎತ್ತಿಕೊಂಡಳು. "ಮೊದಲು ಇಷ್ಟನ್ನ ಎತ್ತಿಡೋಣ. ಅಪ್ಪ, ನೀವು ಮೇಲಕ್ಕೆ ಹೋಗಿ."

ಕತ್ತಲಾಗುವವರೆಗೂ ಇಬ್ಬರೂ ಎದುರು ಗೋಡೆಯ ಶೆಲ್ಫಿಗೇ ಸಾಮಾನು ಜೋಡಿಸಿದೆವು. ನಾನು ಕೆಳಗೆ ಅಂದರೆ ಅವಳು ಮೇಲೆ ಅಂದಳು. ಅವಳು ಒಲೆಯ ಪಕ್ಕ ಅಂದರೆ ನಾನು ಜಿಡ್ಡು ಹಿಡಿಯುತ್ತದೆ ಅಂದೆ. ಮೊದಲ ಸಲ ಬಾಯಿಬಿಟ್ಟು ಜಗಳವಾಡಿದೆವು. ಎಷ್ಟು ಹಾಯೆನಿಸಿತು! ಆದರೂ ರಾತ್ರಿ ಬ್ಯಾಗು ಕಟ್ಟಿಯೇ ಮಲಗಿದೆ. ಇರಿ ಎಂದು ಅವಳು ಹೇಳಿರಲಿಲ್ಲ, ಕೇಳಿ ಉಳಿಯುವಷ್ಟು ನಾನೂ ಸಣ್ಣವಳಾಗಿರಲಿಲ್ಲ.

ಬೆಳಿಗ್ಗೆ ತಮ್ಮ ಬಂದ. ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು, "ಅಕ್ಕಾ, ಬ್ಯಾಗೆಲ್ಲಿ? ಗಾಡಿ ಕಾಯ್ತಿದೆ," ಎಂದ. ಒಳಗೆ ಒಂದೊಂದೇ ಡಬ್ಬಿಯ ಮುಚ್ಚಳ ತೆಗೆದು ಹಾಕುವ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಮಗಳು ಚಮಚ ಹಿಡಿದುಕೊಂಡೇ ಹೊರಗೆ ಬಂದಳು.

"ಗಾಡಿ ಕಳಿಸಿಬಿಡಿ ಮಾವ. ಚಿಕ್ಕಮ್ಮ ಹೊರಟುಹೋದ್ರೆ ಸಕ್ಕರೆ ಎಲ್ಲಿದೆ ಅಂತ ನನಗೆ ಯಾರು ಹೇಳ್ತಾರೆ?"

ತಮ್ಮ ನನ್ನ ಮುಖ ನೋಡಿದ. ಈ ಮನೆಯಲ್ಲಿ ಅವನನ್ನು ಯಾರೂ ಮಾವ ಎಂದು ಕರೆದಿರಲಿಲ್ಲ.

ಸಕ್ಕರೆ ಎಲ್ಲಿದೆಯೋ ನನಗೂ ಗೊತ್ತಿರಲಿಲ್ಲ. "ಇರು, ಬಂದೆ," ಎಂದು ಅವಳೊಂದಿಗೆ ಹುಡುಕಲು ಒಳಗೆ ಹೋದೆ.